ಬಾಯ್ಲರ್ ತಂದ ದಿನ

ಆರ್‌ಸಿ ಪುಸ್ತಕದಲ್ಲಿ ಪೆಟ್ರೋಲು, ಹೊಟ್ಟೆಯಲ್ಲಿ ಡೀಸೆಲ್ಲು.
ಮಿಲಿಟರಿ ಹರಾಜಿನ ಜೀಪಿಗೆ ಮಟಡೋರ್ ವ್ಯಾನಿನ ಎಂಜಿನ್ನು
ಕೂರಿಸಿದ್ದ ಚಿಂತಾಮಣಿಯ ಪ್ಯಾರೇಜಾನ್,
ಒಂದು ರಂಜಾನಿನಿಂದ ಇನ್ನೊಂದು ರಂಜಾನಿನವರೆಗೆ.
ಬಾನೆಟ್ಟು ಪೂರ್ತಿ ಮುಚ್ಚುವುದಿಲ್ಲ, ಎರಡು ಬೆರಳು ಸಂದು.
ಸೈಕಲ್ ಟ್ಯೂಬಿನಲ್ಲಿ ಬಿಗಿದು ಕಟ್ಟಿದ್ದಾನೆ.
"ಉಸಿರಾಡ್ಲಿ ಬಿಡಮ್ಮ," ಅಂದ,
"ಬೇರೆಯೋರ ಮನೆಗೆ ಬಂದಿರೋ ಜೀವ."

ಹಿಂದೆ ಟ್ರೇಲರು, ಅದರ ಮೇಲೆ ಬಾಯ್ಲರು,
ಈದು ಮಲಗಿದ ಎಮ್ಮೆಯ ಹಾಗೆ.
ಮೂರು ಟನ್ನಿಗೆ ಒಂದಿಷ್ಟು ಕಮ್ಮಿ.
ಬಾಗಿಲು ಹಾಕಿದ ಫಿಲೇಚರಿನದು. ಅದರ ಹಬೆಯೆದುರು
ಹತ್ತೊಂಬತ್ತು ವರ್ಷ ನಿಂತೇ ಇದ್ದವಳು ನಾನು.
ಗಂಗುಲಮ್ಮ, ಜಬೀನಾ, ಪಿಳ್ಳಮ್ಮ, ನಾನು
ನಾಲ್ವರೂ ಸೇರಿ ಕೊಂಡೆವು, ಗುಜರಿಯವನಿಗಿಂತ
ಕಿಲೋಗೆ ಎರಡು ರೂಪಾಯಿ ಹೆಚ್ಚು ಕೊಟ್ಟು.

ಶಿಡ್ಲಘಟ್ಟಕ್ಕೆ ಎಷ್ಟು ದೂರ?
ನಮ್ಮ ಲೆಕ್ಕದಲ್ಲಿ ಮೂವತ್ತು ಗೂಡು.
ಒಂದೊಂದು ಗೂಡು ಬಿಚ್ಚಿದರೂ ಒಂದೊಂದು ಕಿಲೋಮೀಟರು ನೂಲು.

ಜಬೀನಾ ಮುಂದೆ ಮೊಪೆಡ್ಡಿನಲ್ಲಿ, ಎದುರಿನ ಬಸ್ಸಿಗೆ ಕೈ ಅಡ್ಡ ಹಿಡಿಯಲು.
ಏರು ಬಂದಲ್ಲಿ ಇಳಿದು ನಡೆಯುವವರು ಗಂಗುಲಮ್ಮ, ಪಿಳ್ಳಮ್ಮ,
ಟ್ರೇಲರಿನ ಹಿಂದೆ, ಸೊಂಟದಲ್ಲಿ ಒಂದೊಂದು ಕಲ್ಲು,
ನಿಂತರೆ ಚಕ್ರಕ್ಕೆ ಕೊಡಲು.
ನನಗೆ ಸೀಟು ಸಿಕ್ಕಿದ್ದು ಮರ್ಯಾದೆಗಲ್ಲ.
ಗೇರಿನ ಪಕ್ಕದ ಗಿಡ್ಡ ಲಿವರು ಜಾರುತ್ತದಂತೆ,
ಒಬ್ಬರು ಅದುಮಿ ಹಿಡಿದೇ ಕೂತಿರಬೇಕಂತೆ.

ದೊಡ್ಡಕೆರೆಯ ಏರಿಗೆ ಹತ್ತುವಾಗ ನಿಂತೇಹೋಯಿತು.
ಕಲ್ಲು ಕೊಟ್ಟರು. ಕ್ಲಚ್ಚು ಬಿಟ್ಟ, ಧಡ್ ಅಂತು.
ಮತ್ತೆ ಬಿಟ್ಟ. ಮೂತಿ ಎತ್ತಿತು ಜೀಪು,
ಸ್ಟೇರಿಂಗು ಗಾಳಿಯಲ್ಲಿ ತಿರುಗಿತು,
ಕೊಂಡಿಯ ಪಿನ್ನು ಹಲ್ಲು ಕಡಿಯಿತು.
ಪ್ಯಾರೇಜಾನ್ ತನ್ನ ಎಂಜಿನ್ನಿಗೆ ಉರ್ದುವಿನಲ್ಲಿ ಬೈದ,
ರಸ್ತೆಗೆ ತೆಲುಗಿನಲ್ಲಿ.

ಅಂಗೈಗೆ ಗೊತ್ತಾಗುತ್ತಿತ್ತು ನನಗೆ.
"ಸಡಿಲ ಐತೆ," ಅಂದೆ. "ಸಡಿಲ ಇರೋ ಎಳೇನ ಜಗ್ಗಿದ್ರೆ ಕಡಿದೋಯ್ತದೆ.
ಮೊದ್ಲು ಸಡಿಲ ತಿನ್ನು. ಬಿಗಿ ಬಂದ್ಮೇಲೆ ಎಳಿ."
ಮೂವತ್ತು ವರ್ಷದ ಮೆಕ್ಯಾನಿಕ್ಕು ನನ್ನ ಮುಖ ನೋಡಿದ.
ಆಮೇಲೆ ಕಾಲನ್ನು ಅಷ್ಟಷ್ಟೇ, ಅಷ್ಟಷ್ಟೇ ಎತ್ತಿದ.
ಕೊಂಡಿ ಕಿರ್ ಅಂತು, ಸುಮ್ಮನಾಯಿತು.
ಹಿಂದಿನಿಂದ ಬಾಯ್ಲರು ಹೂಂ ಎಂದು ಹೊರಟಿತು.

ಏರಿಯ ಮೇಲೆ ಗಾಳಿ. ಒಂದು ಕಡೆ ನೀರು, ಇನ್ನೊಂದು ಕಡೆ ಹಿಪ್ಪುನೇರಳೆ.
"ಹತ್ತೋಕೆ ಎಂಜಿನ್ ಹೊಸ್ದು ಹಾಕ್ದೆ," ಅಂದ ಪ್ಯಾರೇಜಾನ್,
ಬೀಡಿ ಹಚ್ಚದೆ ತುಟಿಯಲ್ಲೇ ಇಟ್ಟುಕೊಂಡು,
"ಬ್ರೇಕು ಮಾತ್ರ ಹಳೇದೇ."

ಇಳಿತದಲ್ಲಿ ಎಳೆಯುವುದು ಏನೂ ಇರಲಿಲ್ಲ.
ಇಷ್ಟು ಹೊತ್ತು ಹಿಂದಿದ್ದದ್ದು
ಬೆನ್ನಿಗೆ ಕೈ ಇಟ್ಟು ತಳ್ಳತೊಡಗಿತು.
ಬ್ರೇಕು ಮುಟ್ಟಲಿಲ್ಲ ಅವನು. ಒಂದನೇ ಗೇರು, ಗಿಡ್ಡ ಲಿವರು,
ಎಂಜಿನ್ನು ಗೋಳಾಡುತ್ತ ಅಷ್ಟೂ ಭಾರ ಹಿಡಿದಿತ್ತು.
ಲಿವರು ಜಿಗಿಯಲು ನೋಡಿತು, ಒಂದು ಸಲ, ಇನ್ನೊಂದು ಸಲ.

ಬಿಸಿನೀರು ತಿಂದ ಬೆರಳುಗಳು ನನ್ನವು, ಗೆರೆ ಅಳಿಸಿಹೋದವು.
ರೇಷನ್ ಅಂಗಡಿಯ ಯಂತ್ರ ಇವತ್ತಿಗೂ
ನಾನು ನಾನಲ್ಲ ಅನ್ನುತ್ತದೆ.
ಆ ಲಿವರು ಅನ್ನಲಿಲ್ಲ.

ಊರು ಸೇರಿದಾಗ ಸಂಜೆ. ಕೊಂಡಿಯ ಪಿನ್ನು ಬಾಳೆಹಣ್ಣಿನಂತೆ ಬಾಗಿತ್ತು,
ಸುತ್ತಿಗೆಯಲ್ಲಿ ಹೊಡೆದು ಕಳಚಿದ.
ಟ್ರೇಲರು ಬಿಟ್ಟ ಕೂಡಲೇ ಜೀಪು ಒಂದು ಗೇಣು ಮೇಲೆದ್ದು
ತಾನಿಷ್ಟು ಹಗುರವೇ ಎಂಬಂತೆ ಅಲ್ಲಾಡಿತು.
ಬಾಡಿಗೆ ಎಣಿಸಿಕೊಟ್ಟೆವು. ಚಹಾ ತರಿಸಿದೆವು. ಲೋಟ ಒಂದು ಉಳಿಯಿತು.

ಆಗ ನೆನಪಾದದ್ದು, ಪಿಳ್ಳಮ್ಮ.
ಇಳಿತದಲ್ಲಿ ಹತ್ತಿಸಿಕೊಳ್ಳಲು ನಿಂತಿರಲೇ ಇಲ್ಲ ನಾವು.
ಗಂಗುಲಮ್ಮ ಓಡಿಬಂದು ನೇತುಬಿದ್ದಿದ್ದಳು, ಅವಳಾಗಲಿಲ್ಲ.
ಕತ್ತಲಾದ ಮೇಲೆ ಬಂದಳು, ಯಾರದೋ ಟೊಮೇಟೊ ಟೆಂಪೋ ಇಳಿದು,
ಬೈಯುತ್ತ, ಸೊಂಟದಲ್ಲಿ ಕೂಸಿನ ಹಾಗೆ
ಇನ್ನೂ ಆ ಕಲ್ಲು.
"ಇಳಿಸು ಅಂತ ಯಾರೂ ಹೇಳ್ಲಿಲ್ವಲ್ಲ!"